ಮರಿ ನೋಡಲು ಹೊರಟ ಮೂಡಲಗಿರಿಯಪ್ಪ

ಮೂಡಲಗಿರಿಯಪ್ಪ ಟಗರು ಕೊಳ್ಳುವಾಗ ಟಗರನ್ನು ನೋಡುತ್ತಿರಲಿಲ್ಲ. ಮೈ ತೊಳೆದು ಸಂತೆಯಲ್ಲಿ ನಿಲ್ಲಿಸಿದರೆ ಯಾವ ಟಗರು ತಾನೇ ಚೆನ್ನಾಗಿ ಕಾಣುವುದಿಲ್ಲ? ಅದು ಬೆಳೆದ ಹಟ್ಟಿಗೇ ಹೋಗಿ, ಅದಕ್ಕೆ ಹುಟ್ಟಿದ ಮರಿಗಳನ್ನು ಎತ್ತಿ ನೋಡಿ, ಆಮೇಲೆ ಮಾತು. ಮಿಡಿಗೇಶಿ ಕಡೆಯ ಕುರಿಯವರಲ್ಲಿ ಇದೇನು ಹೊಸತಲ್ಲ. ಆದರೆ ಮಗಳ ಟ್ಯೂಷನ್ನಿಗೂ ಅದೇ ಲೆಕ್ಕ ಹಾಕಿದವನು ಈ ಪುಣ್ಯಾತ್ಮ ಒಬ್ಬನೇ!

ಮಗಳು ದಿವ್ಯ ಮಧುಗಿರಿಯಲ್ಲಿ ಪಿಯುಸಿ ಓದುತ್ತಿದ್ದಳು. ಅಪ್ಪ ಕುರಿ ಹೊಡೆದುಕೊಂಡು ಪಾವಗಡದ ರಾಯಚರ್ಲು ಕಡೆ ಹೋದರೆ ತಿಂಗಳುಗಟ್ಟಲೆ ಅಲ್ಲಿನ ಸೋಲಾರ್ ಪಾರ್ಕಿನ ಹಲಗೆಗಳ ನಡುವೆಯೇ ಕುರಿ ಮೇಯಿಸಿಕೊಂಡು ಇರುತ್ತಿದ್ದ. ಈ ಸಲ ಮನೆಗೆ ಬಂದು ಊಟಕ್ಕೆ ಕೂತವನ ಮುಂದೆ ಮಗಳು ನಿಂತು, "ಅಪ್ಪಾ, ಟ್ಯೂಷನ್ ಇಲ್ದಿದ್ರೆ ನನ್ ಕೈಲಾಗಲ್ಲ. ಕಾಲೇಜು ಬಿಟ್ಬುಡ್ತೀನಿ," ಎಂದಳು. ಅವನು ಮುದ್ದೆ ಮುರಿಯುವುದನ್ನು ಬಿಟ್ಟು ತಲೆಯೆತ್ತಿದ. ಅವರ ಹಟ್ಟಿಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಹೆಣ್ಣುಮಗಳು ಅವಳೊಬ್ಬಳೇ.

ದಿವ್ಯ ಫೋನಿನಲ್ಲಿ ಎರಡನ್ನು ಹುಡುಕಿಟ್ಟಿದ್ದಳು. ಒಂದು 'ಜ್ಞಾನಮೆಟ್ಟಿಲು' ಎಂಬ ದೊಡ್ಡ ಆ್ಯಪ್. ಬಣ್ಣಬಣ್ಣದ ಪಾಠ, ಅವರದೇ ಪರೀಕ್ಷೆ ಬರೆದರೆ ಶುಲ್ಕದಲ್ಲಿ ರಿಯಾಯಿತಿ. ಇನ್ನೊಂದು 'ಆಸರೆ' ಎಂಬ ಸಣ್ಣ ತಾಣ. ಅವರು ವಿದ್ಯಾರ್ಥಿವೇತನವನ್ನು ಮಕ್ಕಳ ಖಾತೆಗೇ ಹಾಕಿ, ಫೋನಿನಲ್ಲಿ ಪಾಠ ಹೇಳಲು ಒಬ್ಬರು ಟೀಚರನ್ನೂ ಗೊತ್ತು ಮಾಡುತ್ತಿದ್ದರು. ಯಾವುದು ವಾಸಿ ಎಂದು ಅವಳಿಗೆ ತಿಳಿಯುತ್ತಿರಲಿಲ್ಲ.

"ಇವ್ರ ತವ ಓದಿದ ಹುಡುಗ್ರು ಎಲ್ಲಿ ಅವ್ರೆ, ಅದ್ ಹೇಳು," ಎಂದ ಅಪ್ಪ.

ಮೊದಲನೆಯದರ ವಿಡಿಯೋದಲ್ಲಿ ಕೊರಟಗೆರೆಯ ಯೋಗೀಶನೆಂಬ ಹುಡುಗ ನಗುತ್ತಿದ್ದ, ಹಿಂದೆ ಅವರಪ್ಪನ ಬೇಕರಿಯ ಬೋರ್ಡು. ಎರಡನೆಯದರಲ್ಲಿ ಪಟ್ಟನಾಯಕನಹಳ್ಳಿಯ ಲೋಹಿತಾ ಎಂಬ ಹುಡುಗಿಯ ಫೋಟೋ. ಇಷ್ಟು ಸಾಕಾಯಿತು. ಮರುದಿನ ಮಗಳು ಕಾಲೇಜಿಗೆ ಹೋದ ಹಿಂದೆಯೇ ಮೂಡಲಗಿರಿಯಪ್ಪ ಕಂಬಳಿ ಹೆಗಲಿಗೆ ಹಾಕಿದ.

"ಲೋಕವೆಲ್ಲ ಫೋನಲ್ಲೇ ನೋಡ್ಕಂತದೆ, ಇವ್ನು ಬಸ್ಸಲ್ಲಿ ಹೋಗಿ ನೋಡ್ಕಂಡು ಬತ್ತಾನಂತೆ!" ಎಂದು ಹೆಂಡತಿ ಕೆಂಪಕ್ಕ ಹಣೆ ಚಚ್ಚಿಕೊಂಡಳು. ಆದರೂ ದಾರಿಗೆಂದು ರೊಟ್ಟಿ ಕಟ್ಟಿಕೊಟ್ಟಳು.

ಮಧುಗಿರಿಯಲ್ಲಿ ಬಸ್ಸು ಬದಲಿಸಿ ಕೊರಟಗೆರೆಗೆ ಹೋದ. ಯೋಗೀಶ ಬೇಕರಿಯಲ್ಲೇ ಸಿಕ್ಕಿದ. ಒಳ್ಳೆಯ ಹುಡುಗ, ಕೂರಿಸಿ ಬನ್ನು ಕೊಟ್ಟ. "ಪಾಠ ಚೆನ್ನಾಗೇ ಮಾಡ್ತಾರೆ ಯಜಮಾನ್ರೇ," ಎಂದ.

"ನಿಮ್ ಮೇಷ್ಟ್ರಿಗೆ ನಿನ್ ಹೆಸ್ರು ಗೊತ್ತೇನಪ್ಪ?"

ಹುಡುಗ ನಕ್ಕುಬಿಟ್ಟ. "ಸಾವಿರಾರು ಜನ ನೋಡ್ತಾರೆ. ಅವ್ರಿಗೆ ನಾನ್ಯಾರು ಅಂತ ಹೆಂಗೆ ಗೊತ್ತಾಗ್ಬೇಕು?"

"ನೀನು ಒಂದಿನ ಪಾಠ ತಪ್ಸಿದ್ರೆ?"

"ಯಾರಿಗೂ ಗೊತ್ತಾಗಲ್ಲ."

ಮೂಡಲಗಿರಿಯಪ್ಪನಿಗೆ ಬನ್ನು ರುಚಿಸಲಿಲ್ಲ. ಮಂದೆಯಲ್ಲಿ ಒಂದು ಮರಿ ತಪ್ಪಿದರೂ ತಿಳಿಯದವನು ಅದೆಂಥ ಕುರಿಗಾಹಿ! ಹುಡುಗನ ತಲೆ ಸವರಿ, ಸಿರಾ ದಾರಿ ಹಿಡಿದ.

ಪಟ್ಟನಾಯಕನಹಳ್ಳಿಯಲ್ಲಿ ಮಠದ ಹತ್ತಿರ ಕೇಳಿದ್ದೇ ತಡ, ಲೋಹಿತಾಳ ಮನೆ ತೋರಿಸಿದರು. ಅವಳಿಗೂ ಅದೇ ಪ್ರಶ್ನೆ.

"ಹೆಸ್ರೊಂದೇ ಏನಣ್ಣಾ, ನಮ್ಮವ್ವಂಗೆ ಜ್ವರ ಬಂದಿದ್ದೂ ಗೊತ್ತು ರಾಧಾಮಣಿ ಮೇಡಂಗೆ," ಎಂದಳು ಹುಡುಗಿ. "ಒಂದಿನ ಪಾಠ ತಪ್ಪಿದ್ರೆ ಫೋನ್ ಮಾಡಿ ಬಯ್ತಾರೆ."

ಮೂಡಲಗಿರಿಯಪ್ಪನ ಮುಖ ಅರಳಿತು. ಸಿಕ್ಕಿತಲ್ಲಪ್ಪ! ಅಲ್ಲೇ ಲೋಹಿತಾಳ ಫೋನಿನಿಂದ ಮೇಡಂಗೆ ಮಾತಾಡಿದ. ಆಯಮ್ಮ ಬಹಳ ಮರ್ಯಾದೆಯಿಂದಲೇ ಕೇಳಿದರು. "ಒಂದೇ ಜಾಗ ಉಳಿದಿದೆ ಯಜಮಾನ್ರೇ, ಇವತ್ತೇ ಸೇರಿಸ್ಕೋತೀನಿ. ನಿಮ್ಮ ಮಗಳಿಗೆ ಯಾವ ಪಾಠ ಕಷ್ಟ?"

ಮೂಡಲಗಿರಿಯಪ್ಪ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. ಅವನಿಗೆ ಗೊತ್ತಿರಲಿಲ್ಲ.

"ಮುಂದೆ ಏನಾಗ್ಬೇಕು ಅಂತಾಳೆ?"

ಅದೂ ಗೊತ್ತಿರಲಿಲ್ಲ. ಅವಳು ಎಂದಿನಿಂದ ಸೊರಗಿದ್ದಾಳೆ, ಯಾಕೆ ಸೊರಗಿದ್ದಾಳೆ, ಯಾವುದೂ ಗೊತ್ತಿರಲಿಲ್ಲ. ಕುರಿಗಳಲ್ಲಿ ಯಾವುದು ಮೇವು ಬಿಟ್ಟಿದೆಯೆಂದು ಕತ್ತಲಲ್ಲೂ ಹೇಳಬಲ್ಲವನು ನಾಚಿ ನೆಲ ನೋಡಿದ. "ಕೇಳ್ಕಂಡು ಹೇಳ್ತೀನಿ ತಾಯಿ," ಎಂದಷ್ಟೇ ಅಂದ.

ಬಸ್ಸಿಗೆ ಕಾಯುತ್ತ ಕಟ್ಟೆಯ ಮೇಲೆ ಕೂತು ಮಗಳಿಗೆ ಫೋನ್ ಮಾಡಿದ.

"ಯಾವ್ದಪ್ಪ ಚೆನ್ನಾಗೈತೆ?" ಎಂದಳು ದಿವ್ಯ, ಎತ್ತಿದ ತಕ್ಷಣ.

"ಅದಿರ್ಲಿ ಕಣವ್ವ. ನಿಂಗೆ ಏನು ಕಷ್ಟ, ಅದ್ ಹೇಳು. ನಾನು ಯಾವತ್ತೂ ಕೇಳ್ಳೇ ಇಲ್ಲ."

ಆ ಕಡೆ ಬಿಕ್ಕುವುದು ಕೇಳಿಸಿತು.

"ಕಾಲೇಜಲ್ಲಿ ಎಲ್ಲಾ ಇಂಗ್ಲಿಷಲ್ಲೇ ಹೇಳ್ತಾರಪ್ಪ. ಒಂದೂ ತಿಳಿಯಲ್ಲ. ಕೇಳಿದ್ರೆ ನಗ್ತಾರೆ. ನರ್ಸ್ ಆಗ್ಬೇಕು ಅಂತಿದ್ದೆ, ಇನ್ನೆಲ್ಲಿ ಆಗ್ತೀನಿ? ದೀಪಾವಳಿ ಆದ್ಮೇಲೆ ನಾನು ಕಾಲೇಜಿಗೇ ಹೋಗಿಲ್ಲ. ಮಧುಗಿರಿ ಬಸ್‌ಸ್ಟ್ಯಾಂಡಲ್ಲಿ ಕೂತಿದ್ದು ಸಾಯಂಕಾಲ ಬಂದ್ಬುಡ್ತೀನಿ." ಉಸಿರೆಳೆದುಕೊಂಡಳು. "ಬೆಳಗ್ಗೆ ನೀನು ಕೊರಟಗೆರೆ ಬಸ್ ಹತ್ತಿದ್ದನ್ನೂ ನೋಡ್ದೆ ಅಪ್ಪಾ. ಕಂಬದ ಹಿಂದೆ ನಿಂತಿದ್ದೆ. ನೀನು ನನ್ನ ಮುಂದೇನೇ ಹೋದೆ."

ಮೂಡಲಗಿರಿಯಪ್ಪ ಕಟ್ಟೆಯಿಂದ ಎದ್ದು ನಿಂತ. ಊರೂರು ಸುತ್ತಿ ಯಾರ್ಯಾರ ಮಕ್ಕಳನ್ನೋ ವಿಚಾರಿಸಿಕೊಂಡು ಬಂದಿದ್ದ, ಅಯ್ಯೋ.

"ಈಗ ಎಲ್ಲಿದ್ದೀಯವ್ವ?"

"ಇಲ್ಲೇ. ಬಸ್‌ಸ್ಟ್ಯಾಂಡಲ್ಲೇ."

"ಅಲ್ಲೇ ಇರು ಮಗಳೇ, ಬತ್ತಾವ್ನಿ," ಎಂದ ಅವನು, ಕಣ್ಣೊರೆಸಿಕೊಳ್ಳುತ್ತ. "ಬಂದು ಇಬ್ರೂ ಕೂತು ಮೇಡಂಗೆ ಫೋನ್ ಮಾಡಾನ. ನಿನ್ ಕಷ್ಟ ನೀನೇ ಹೇಳು. ನಾನು ಪಕ್ಕದಲ್ಲೇ ಕೂತಿರ್ತೀನಿ."