ಮೂರನೆಯವನ ಚಕ್ರ

ನಾನು ಒಂದು ರೇಸ್ ಸೈಕಲ್. ಉಕ್ಕಿನ ಕೊಳವೆಗಳನ್ನು ಬೆಂಕಿಯಲ್ಲಿ ಬೆಸೆದು ನನ್ನ ಮೈ ಮಾಡಿದರು. ಕ್ಯಾರಿಯರ್ ಇಲ್ಲ, ಗಂಟೆ ಇಲ್ಲ, ಸ್ಟ್ಯಾಂಡೂ ಇಲ್ಲ. ವಿಜಯಪುರಕ್ಕೆ ಬಂದ ದಿನ ಅಜ್ಜನೊಬ್ಬ, "ಇದರ ಮ್ಯಾಲ ಜ್ವಾಳದ ಚೀಲ ಹ್ಯಾಂಗ ಇಡೂದಪಾ?" ಎಂದು ಕೇಳಿದ್ದ. ನನಗೆ ಆಗಲೇ ಜಂಬ.

ನನ್ನ ಒಡೆಯ ಗೊಲ್ಲಾಳಪ್ಪ. ನಾನು ಅವನನ್ನು ಕಂಡದ್ದೆಲ್ಲ ಕೆಳಗಿನಿಂದಲೇ: ಗಟ್ಟಿ ಮೊಣಕಾಲು, ಮೂಗಿನ ತುದಿಯಿಂದ ತೊಟ್ಟಿಕ್ಕುವ ಬೆವರು. ಸೊಲ್ಲಾಪುರ ರಸ್ತೆಯಲ್ಲಿ ಅವನು ಗೆದ್ದದ್ದೇ ಗೆದ್ದದ್ದು. ಚಹಾದಂಗಡಿಯವರು ಅವನ ದುಡ್ಡು ಮುಟ್ಟುತ್ತಿರಲಿಲ್ಲ. ತಾಯಂದಿರು ಕೂಸುಗಳನ್ನು ತಂದು ನನ್ನ ಸೀಟಿನ ಮೇಲೆ ಕೂರಿಸುತ್ತಿದ್ದರು; ಕೆಲವು ನನ್ನನ್ನು ತೋಯಿಸಿದ್ದೂ ಉಂಟು.

ಅವನ ಜೀವದ ಗೆಳೆಯ ಮೌಲಾಲಿ, ಅವನ ಸೈಕಲ್ ತಂಡದವನೇ. ಒಂದು ಪದಕ ಬಂದರೆ ಮೌಲಾಲಿಗೆ ಸರ್ಕಾರಿ ನೌಕರಿ ಸಿಗುವುದಿತ್ತು. ಅದನ್ನೇ ನಂಬಿ ನಿಕಾಹ್ ಕೂಡ ಗೊತ್ತಾಗಿತ್ತು.

ಆ ಸಲ ತಂಡಗಳ ಪಂದ್ಯ ನಮ್ಮೂರಲ್ಲೇ. ನಾಲ್ವರು ಸರದಿಯಂತೆ ಮುಂದೆ ಬಂದು ಗಾಳಿಗೆ ಎದೆಯೊಡ್ಡಬೇಕು, ಉಳಿದವರು ಅವನ ಮರೆಯಲ್ಲಿ ಬರಬೇಕು. ಗಾಳಿ ಬಂದಾಗ ತೂರಿಕೋ ಎನ್ನುವುದು ರೈತರ ಮಾತು. ನಮಗೆ ಗಾಳಿಯೇ ವೈರಿ. ಗಡಿಯಾರ ನಿಲ್ಲುವುದು ಮೊದಲನೆಯವನಿಗಲ್ಲ, ಮೂರನೆಯವನ ಚಕ್ರ ಗೆರೆ ಮುಟ್ಟಿದಾಗ. ಒಬ್ಬನ ಟೈರು ಅರ್ಧ ದಾರಿಯಲ್ಲೇ ಒಡೆಯಿತು. ಉಳಿದ ಮೂವರಲ್ಲಿ ಹಿಂದಿನವನು ಮೌಲಾಲಿ. ಎಲ್ಲರಿಗಿಂತ ಹೆಚ್ಚು ಗಾಳಿ ತಡೆದು ಅವನು ಸೋತುಹೋಗಿದ್ದ.

ಗೆರೆ ಕಾಣುತ್ತಲೇ ಜನ "ಗೊಲ್ಲಾಳಪ್ಪ! ಗೊಲ್ಲಾಳಪ್ಪ!" ಎಂದು ಕೂಗತೊಡಗಿದರು. ನನ್ನ ಒಡೆಯನಿಗೆ ಮೈಮೇಲೆ ಬಂದಂತಾಯಿತು.

"ಸಾವಕಾಶ ಹೊಡಿಯೋ ಗೊಲ್ಯಾ, ನಾ ಹಿಂದ ಉಳದೇನಿ!" ಎಂದು ಮೌಲಾಲಿ ಕೂಗಿದ. ನನ್ನ ಪೆಡಲಿನ ಮೇಲಿದ್ದ ಒಡೆಯನ ಪಾದ ಒಂದು ಗಳಿಗೆ ತಡೆದದ್ದು ನನಗೆ ಗೊತ್ತು. ಆದರೂ ತುಳಿದ.

ಮೊದಲು ಗೆರೆ ದಾಟಿದವನೇ ಗೆದ್ದವನೆಂದು ಜನ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಗಾಳಿಗೆ ಒಬ್ಬನೇ ಸಿಕ್ಕ ಮೌಲಾಲಿ ಇನ್ನೂ ಹಿಂದೆಯೇ ಇದ್ದ, ಗಡಿಯಾರ ಓಡುತ್ತಲೇ ಇತ್ತು. ಪದಕ ತಪ್ಪಿತು. ಮೌಲಾಲಿಗೆ ನೌಕರಿ ತಪ್ಪಿತು, ನಿಕಾಹ್ ಮುರಿಯಿತು. ನಾನು ಬರೀ ಕಬ್ಬಿಣ. ಆದರೂ ತುಂಬಾ ಸಂಕಟವಾಯಿತು.

ಗೊಲ್ಲಾಳಪ್ಪ ರೇಸು ಬಿಟ್ಟಾಗ ಊರು ಸನ್ಮಾನ ಇಟ್ಟುಕೊಂಡಿತು. ನನಗೂ ಹಾರ ಹಾಕಿ ವೇದಿಕೆಯ ಗೋಡೆಗೆ ಒರಗಿಸಿದರು. ಮೌಲಾಲಿಯನ್ನು ಒಡೆಯನೇ ಮನೆಗೆ ಹೋಗಿ ಕರೆದು ಬಂದಿದ್ದ. ಒಡೆಯ ಮೈಕ್ ಹಿಡಿದ.

"ಅವತ್ತ ನಾ ಗೆದ್ದಿಲ್ರಿ. ಮೌಲಾಲಿನ್ನ ಹಿಂದ ಬಿಟ್ಟು ಬಂದೆ. ಅವನ ಬಾಳೇವು ಕೆಡಿಸಿದಂವ ನಾನ."

ಸಭೆಯಲ್ಲಿ ಯಾರೋ, "ಎಂಥಾ ದೊಡ್ಡ ಮನಸಪಾ! ಗೆದ್ದಂವ ಗೆದ್ದಿಲ್ಲ ಅಂತಾನ!" ಎಂದರು. ಚಪ್ಪಾಳೆ ಶುರುವಾಯಿತು.

"ಖರೇ ಹೇಳಾಕತ್ತೇನ್ರಿ!" ಎಂದು ಅವನು ಕೂಗಿದಷ್ಟೂ ಚಪ್ಪಾಳೆ ಹೆಚ್ಚಿತು. ಹಿಂದಿನ ಸಾಲಿನಿಂದ ಮೌಲಾಲಿ ಎದ್ದು ಹೊರಗೆ ನಡೆದ.

ಈಗ ನಾನು ಕ್ರೀಡಾ ಹಾಸ್ಟೆಲಿನ ಮೂಲೆಯಲ್ಲಿದ್ದೇನೆ. ಚೈನು ತುಕ್ಕು ಹಿಡಿದಿದೆ. ಗೊಲ್ಲಾಳಪ್ಪ ಆಗಾಗ ಬಂದು ನನ್ನೆದುರು ಕೂರುತ್ತಾನೆ. ಜನ ಒಮ್ಮೆಯಾದರೂ ಬೈದಿದ್ದರೆ ಅವನು ಹಗುರಾಗುತ್ತಿದ್ದ ಎಂದು ನನಗನ್ನಿಸುತ್ತದೆ. ಹುಡುಗರು ಓಡಿಬಂದು ಅವನ ಕಾಲು ಮುಟ್ಟುತ್ತಾರೆ. ಅವನು ಕಾಲು ಹಿಂದಕ್ಕೆಳೆದುಕೊಳ್ಳುತ್ತಾನೆ. ಅದನ್ನೂ ವಿನಯವೆಂದೇ ತಿಳಿದು ಅವರು ಇನ್ನಷ್ಟು ಬಗ್ಗುತ್ತಾರೆ.