ಬಚ್ಚಿಟ್ಟುಕೊಳ್ಳುವ ಅತ್ತೆ

ಮಂಡಿಯ ಆಪರೇಷನ್ ಆದ ಮೇಲೆ ಅತ್ತೆಯನ್ನು ಸೊಸೆ ತನ್ನ ಮನೆಗೇ ಕರೆದುಕೊಂಡು ಬಂದಳು. ಮಗ ಹಡಗಿನಲ್ಲಿ ಅಡುಗೆಯವನು. ಹೊರಟನೆಂದರೆ ತಿಂಗಳುಗಟ್ಟಲೆ ಮನೆ ಕಡೆ ತಲೆ ಹಾಕುವಂತಿಲ್ಲ. ಮೂರನೇ ಮಹಡಿಯ ಆ ಎರಡು ಕೋಣೆಗಳಲ್ಲಿ ಉಳಿದವರು ಇಬ್ಬರು ಹೆಂಗಸರು, ಮತ್ತೆ ಒಂದು ನಾಯಿ.

ಅತ್ತೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಬಿಳಿ ಬಟ್ಟೆ ಒಗೆದು, ಮಡಿಸಿ, ನಿವೃತ್ತಳಾದವಳು. ನೆಲದ ಮೇಲೆ ಒಂದು ಕೂದಲು ಕಂಡರೂ ಕಣ್ಣಿಗೆ ಚುಚ್ಚುತ್ತಿತ್ತು. ಈ ನಾಯಿಗೋ ಮೈತುಂಬ ಒರಟು ಜೂಲು. ನೀರು ಕುಡಿದು ತಲೆ ಎತ್ತಿದರೆ ಗಡ್ಡದಿಂದ ತೊಟ್ಟಿಕ್ಕುತ್ತ ಮನೆಯೆಲ್ಲ ಒದ್ದೆ. ನೋಡಿದವರು ಒಪ್ಪುವಂಥ ಹೆಸರನ್ನೇ ಇಟ್ಟಿದ್ದಳು ಸೊಸೆ: ಕಂಬಳಿ.

"ಇದು ಯಾವ ಜಾತೀದಮ್ಮ?" ಎಂದು ಅತ್ತೆ ಬಂದ ಹೊಸದರಲ್ಲಿ ಕೇಳಿದ್ದಳು.

"ಆಟರ್‌ಹೌಂಡ್ ಅಂತಾರೆ ಅತ್ತೆ. ತುಂಬಾ ಅಪರೂಪ, ಪ್ರಪಂಚದಲ್ಲೇ ಕೆಲವು ನೂರು ಉಳಿದಿವೆ ಅಷ್ಟೆ. ಹಿಂದೆ ನೀರುನಾಯಿ ಬೇಟೆಗೆ ಸಾಕ್ತಿದ್ರಂತೆ."

"ನಾಯಿ ಹಿಡಿಯೋಕೂ ನಾಯೀನಾ?"

ಸೊಸೆ ಸ್ವಲ್ಪ ನಕ್ಕಳು. ಮಾತು ಅಲ್ಲಿಗೆ ನಿಂತಿತು. ಅವರಿಬ್ಬರ ಮಾತು ನಿಲ್ಲುತ್ತಿದ್ದುದೇ ಹಾಗೆ. ಸೊಸೆ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜಿ ಸಂಜೆ ಬರುವಳು, "ಊಟ ಆಯ್ತಾ? ಮಾತ್ರೆ ತಗೊಂಡ್ರಾ?" ಎನ್ನುವಳು. ಜಗಳವಂತೂ ಇರಲಿಲ್ಲ. ಜಗಳವಾದರೂ ಆಗಿದ್ದರೆ ನಾಲ್ಕು ಮಾತು ಹೆಚ್ಚು ಆಡಬಹುದಿತ್ತಲ್ಲ ಎಂದು ಅತ್ತೆಗೆ ಎಷ್ಟೋ ಸಲ ಅನಿಸಿದ್ದುಂಟು.

ಭಾನುವಾರ ಸೊಸೆ ನಾಯಿಯನ್ನು ಊರಾಚೆಯ ಕಾಡಿಗೆ ಕರೆದೊಯ್ಯುತ್ತಿದ್ದಳು. ಅಲ್ಲಿ ನಾಯಿ ಸಾಕಿದವರೆಲ್ಲ ಸೇರಿ ಒಂದು ಆಟ ಆಡುತ್ತಿದ್ದರು. ಒಬ್ಬರು ಹೋಗಿ ಮರೆಯಲ್ಲಿ ಬಚ್ಚಿಟ್ಟುಕೊಳ್ಳಬೇಕು; ಅವರ ಒಂದು ಬಟ್ಟೆ ಮೂಸಿಸಿದರೆ ನಾಯಿ ವಾಸನೆ ಹಿಡಿದು ಹೋಗಿ ಅವರನ್ನು ಹುಡುಕಬೇಕು. ಮಂಡಿ ಒಂದಿಷ್ಟು ಸುಧಾರಿಸಿದ ಮೇಲೆ ಸೊಸೆ ಹಿಂಜರಿಯುತ್ತಲೇ ಕೇಳಿದಳು, "ಬಚ್ಚಿಟ್ಕೊಳ್ಳೋರು ಯಾರೂ ಸಿಗ್ತಿಲ್ಲ ಅತ್ತೆ. ಸುಮ್ಮನೆ ಕೂತಿದ್ರೆ ಆಯ್ತು, ಬರ್ತೀರಾ?"

"ಸುಮ್ಮನೆ ಕೂರೋದನ್ನೇ ತಾನೇ ನಾನೀಗ ಮಾಡ್ತಿರೋದು," ಎಂದು ಅತ್ತೆ ಶಾಲು ಹೊದ್ದು ಹೊರಟಳು.

ಬಿದ್ದ ಮರದ ಹಿಂದೆ, ಹುಡುಕಿ ಬಂದ ನಾಯಿಗೆ ಕೊಡಲು ಬೇಯಿಸಿದ ಕೋಳಿ ತುಂಡಿನ ಡಬ್ಬಿ ಹಿಡಿದು ಕೂತಾಗ ಈ ವಯಸ್ಸಲ್ಲಿ ಇದೇನು ಹುಡುಗಾಟ ಎಂದು ನಾಚಿಕೆಯಾಯಿತು. ಸ್ವಲ್ಪ ಹೊತ್ತಿಗೆ ತರಗೆಲೆಗಳ ಸದ್ದು, ಏದುಸಿರು. ಕಂಬಳಿ ಮರ ಹಾರಿ ಬಂದು ಒದ್ದೆ ಗಡ್ಡವನ್ನು ಅವಳ ಮಡಿಲಿಗೇ ಹಾಕಿ, ಬಾಲದ ಜೊತೆ ಇಡೀ ಮೈಯನ್ನೇ ಆಡಿಸಿತು. ತನ್ನನ್ನು ಹುಡುಕಿಕೊಂಡು ಇಷ್ಟು ಖುಷಿಯಿಂದ ಯಾರೂ ಬಂದ ನೆನಪು ಅವಳಿಗಿರಲಿಲ್ಲ. ಸೀರೆ ಕೆಸರಾದದ್ದು ಮನೆಗೆ ಬಂದ ಮೇಲಷ್ಟೇ ಕಣ್ಣಿಗೆ ಬಿತ್ತು. ಅಂದಿನಿಂದ ಪ್ರತಿ ಭಾನುವಾರ ಸೊಸೆಗಿಂತ ಮೊದಲು ಅವಳೇ ತಯಾರಾಗುತ್ತಿದ್ದಳು.

ಇದೇ ಆಟದ ಪಂದ್ಯ ವರ್ಷಕ್ಕೊಮ್ಮೆ ನಡೆಯುತ್ತಿತ್ತು; ಆ ವರ್ಷ ಪಂದ್ಯದ ದಿನವೇ ಎಡವಟ್ಟಾಯಿತು. ಯಾರದೋ ವ್ಯಾನಿಗೆ ನಾಯಿ ಹತ್ತಿಸುವ ಕಬ್ಬಿಣದ ಹಲಗೆ ಧಡಾರೆಂದು ಕಂಬಳಿಯ ಪಕ್ಕದಲ್ಲೇ ಬಿತ್ತು. ನಾಯಿ ಬೆಚ್ಚಿಬಿದ್ದು, ಸೊಸೆಯ ಕೈಯಿಂದ ಹಗ್ಗ ಕಿತ್ತುಕೊಂಡು ಕಾಡಿನೊಳಗೆ ಓಡಿಹೋಯಿತು.

ಎಲ್ಲರೂ ಹುಡುಕಲು ಹೊರಟರು. ಸೀಟಿ ಊದಿದರು, ಚಪ್ಪಾಳೆ ತಟ್ಟಿದರು, ಕಂಬಳೀ ಎಂದು ಕೂಗಿದರು. ಹಳ್ಳದ ಆಚೆ ಒಮ್ಮೆ ಅದು ಕಂಡಿತು. ಜನ ನುಗ್ಗಿದ್ದೇ ತಡ, ಇನ್ನೂ ದೂರ ಓಡಿತು. ಹಗ್ಗ ಎಲ್ಲಾದರೂ ಪೊದೆಗೆ ಸಿಕ್ಕಿಕೊಂಡರೆ ಗತಿಯೇನು ಎಂದು ಸೊಸೆ ಒಂದೊಂದು ಪೊದೆಯನ್ನೂ ಇಣುಕಿ ನೋಡುತ್ತಿದ್ದಳು. ಮಧ್ಯಾಹ್ನ ಕಳೆಯುವಷ್ಟರಲ್ಲಿ ಕೂಗಿ ಕೂಗಿ ಅವಳ ದನಿ ಒಡೆದಿತ್ತು.

ಅತ್ತೆ ಅವಳ ತೋಳು ಹಿಡಿದಳು. "ಎಲ್ಲರಿಗೂ ಸುಮ್ಮನಿರೋಕೆ ಹೇಳಮ್ಮ. ನಾನು ಹೋಗಿ ಬಚ್ಚಿಟ್ಕೋತೀನಿ."

"ಅತ್ತೆ, ಇದು ಆಟ ಆಡೋ ಹೊತ್ತಾ?"

"ಅಷ್ಟು ಜನ ಬೆನ್ನು ಹತ್ತಿದ್ರೆ ಅದು ಓಡದೆ ಏನು ಮಾಡುತ್ತೆ? ಅದಕ್ಕೆ ಹುಡುಕಿಸ್ಕೊಂಡು ಗೊತ್ತಿಲ್ಲ, ಹುಡುಕಿ ಗೊತ್ತು. ಆ ಕೆಲಸಾನೇ ಕೊಟ್ಟು ನೋಡೋಣ."

ಸೊಸೆಗೆ ಬೇರೆ ದಾರಿಯೂ ತೋಚಲಿಲ್ಲ. ಜನರೆಲ್ಲ ವ್ಯಾನುಗಳ ಹತ್ತಿರ ಹೋಗಿ ಸದ್ದಿಲ್ಲದೆ ನಿಂತರು. ನಾಯಿ ಕಂಡಿದ್ದ ಜಾಗದ ಎದುರಿಗೆ, ಹಳ್ಳದ ಈಚೆ ದಡದಲ್ಲಿ ಅತ್ತೆ ಶಾಲು ಬಿಟ್ಟು, ಕಾಲೆಳೆಯುತ್ತ ನಡೆದು ಒಂದು ಬಂಡೆಯ ಹಿಂದೆ ಕೂತಳು. ಒಬ್ಬಳನ್ನೇ ಬಿಡಲು ಮನಸ್ಸಾಗದೆ ಸೊಸೆಯೂ ಪಕ್ಕದಲ್ಲಿ ಕೂತಳು.

ತುಂಬ ಹೊತ್ತು ಏನೂ ಆಗಲಿಲ್ಲ. ಆಮೇಲೆ ಸೊಸೆ ಪಿಸುಗುಟ್ಟಿದಳು, "ನಿಮ್ಮನ್ನ ಕರ್ಕೊಂಡು ಬಂದೆ ನಿಜ, ಆದ್ರೆ ಹೇಗಪ್ಪಾ ಇರೋದು ಅಂತ ಭಯ ಆಗಿತ್ತು ಅತ್ತೆ."

"ನನಗೇನು ಕಮ್ಮಿ ಭಯವಾ? ಚೀಲದ ಬಟ್ಟೆ ತೆಗೆದು ಬೀರುಗೆ ಇಡೋಕೇ ಒಂದು ವಾರ ಆಯ್ತು ನನಗೆ."

ಇಬ್ಬರಿಗೂ ನಗು ಬಂತು. ಸದ್ದಾಗಬಾರದೆಂದು ಬಾಯಿ ಮುಚ್ಚಿಕೊಂಡಷ್ಟೂ ಹೆಚ್ಚಾಯಿತು. ನಗುತ್ತ ನಗುತ್ತ ಸೊಸೆ ಅತ್ತೆಯ ಭುಜಕ್ಕೆ ಒರಗಿ ಅತ್ತುಬಿಟ್ಟಳು. ಅತ್ತೆ ಅವಳ ತಲೆ ಸವರುತ್ತ ಕೂತಳು.

ಆಗ ಹಳ್ಳದ ನೀರು ಕಲಕಿದ ಸದ್ದಾಯಿತು. ಇಬ್ಬರೂ ಉಸಿರು ಬಿಗಿಹಿಡಿದರು. ಕಂಬಳಿ ಮೂಗನ್ನು ನೆಲಕ್ಕೆ ಒತ್ತಿ, ಹರಿದ ಹಗ್ಗ ಎಳೆದುಕೊಂಡು, ಯಾರ ಕಡೆಗೂ ನೋಡದೆ ತನ್ನ ಕೆಲಸದಲ್ಲೇ ಮುಳುಗಿ ಬರುತ್ತಿತ್ತು. ಬಂಡೆ ಸುತ್ತಿ ಬಂದು ಅತ್ತೆಯ ಮಡಿಲಿಗೆ ಗಡ್ಡ ಹಾಕಿತು. ಪಕ್ಕದಲ್ಲಿ ಸೊಸೆಯೂ ಇರುವುದನ್ನು ಕಂಡು, ಒಬ್ಬರನ್ನು ಹುಡುಕಿದರೆ ಇಬ್ಬರು ಸಿಕ್ಕರಲ್ಲ ಎಂಬಂತೆ ಮೈಯೆಲ್ಲ ಕುಣಿಸಿತು.

ಪಂದ್ಯ ಅಷ್ಟರಲ್ಲಿ ಮುಗಿದೇ ಹೋಗಿತ್ತು. ಯಾರು ಗೆದ್ದರೆಂದು ಇವರು ಕೇಳಲೂ ಇಲ್ಲ. ಕಾದು ನಿಂತವರಿಗೆಲ್ಲ ಸೊಸೆ ಕೈಮುಗಿದು ನಾಯಿಯನ್ನು ಕಾರಿಗೆ ಹತ್ತಿಸಿದಳು.

ದಾರಿಯಲ್ಲಿ ಅವಳೆಂದಳು, "ನೀವಿಲ್ಲದೇ ಇದ್ದಿದ್ರೆ ಇವತ್ತು ನನ್ನ ಗತಿ ಏನಾಗ್ತಿತ್ತೋ ಅತ್ತೆ."

"ನಾನೇನು ಮಾಡ್ದೆ, ಕೂತಿದ್ದೆ ಅಷ್ಟೆ," ಎಂದ ಅತ್ತೆ ತಾನೇ ಮುಂದುವರಿಸಿದಳು, "ಆಸ್ಪತ್ರೆಯಿಂದ ನೀನು ನನ್ನನ್ನ ಸೀದಾ ನಿನ್ನ ಮನೆಗೆ ಕರ್ಕೊಂಡು ಬಂದೆ. ನಿನ್ನ ಕೋಣೇನೂ ನನಗೇ ಬಿಟ್ಟುಕೊಟ್ಟೆ. ಅದಕ್ಕೆ ಒಂದು ಮಾತು ನಾನೂ ಹೇಳಬೇಕಿತ್ತು. ನಾಲಿಗೆ ಏಳ್ತಿರಲಿಲ್ಲ. ನೀನು ದೊಡ್ಡ ಉಪಕಾರ ಮಾಡ್ದೆ ಕಣಮ್ಮ."

ಸೊಸೆ ತೋಳಿನಿಂದ ಕಣ್ಣು ಒರೆಸಿಕೊಂಡು, "ಮುಂದಿನ ಗಾಜು ಒಂದಿಷ್ಟು ಒರೆಸಿ ಅತ್ತೆ, ಇದರ ಉಸಿರಿಗೆ ರಸ್ತೇನೇ ಕಾಣ್ತಿಲ್ಲ," ಎಂದಳು. ಅತ್ತೆ ಸೆರಗು ಹಿಡಿದು, ಬಾಗಿ, ಗಾಜನ್ನು ಈ ತುದಿಯಿಂದ ಆ ತುದಿಯವರೆಗೆ ಚೆನ್ನಾಗಿ ಒರೆಸಿದಳು.