ನಾಲ್ಕನೇ ತಂಡದ ಇಲಿಗಳು

ಒಣ ಕೆಮ್ಮಲ್ಲ, ಕಫದ್ದು, ಹಿಂದಿನ ಸೀಟಿನಲ್ಲಿ, ಗಂಡಸು, ಐವತ್ತು ದಾಟಿರಬೇಕು, ಬೀಡಿ ಇರಬಹುದು, ಅಕ್ಕಿ ಗಿರಣಿಯ ಧೂಳೂ ಇರಬಹುದು — ಥೂ, ಬಸ್ಸಿನಲ್ಲಿ ಕೂತವರ ಕೆಮ್ಮು ಕೇಳಿ ಕಾಯಿಲೆ ಊಹಿಸುವ ಚಾಳಿ ನನಗೆ ಯಾವಾಗ ಹತ್ತಿತು, ನಾನು ಆ ಥರದ ಡಾಕ್ಟರೇ ಅಲ್ಲ, ಡಾ. ಫಿರ್ದೋಸ್ ಎಂದು ಬರೆದುಕೊಂಡರೂ ಈ ಹತ್ತು ವರ್ಷದಲ್ಲಿ ಒಬ್ಬ ರೋಗಿಯ ನಾಡಿ ಹಿಡಿದವಳಲ್ಲ, ಹಿಡಿದದ್ದೆಲ್ಲ ಬಿಳಿ ಇಲಿಗಳನ್ನು, ಬಾಲದ ಬುಡದಲ್ಲಿ, ಎರಡು ಬೆರಳಿನಿಂದ. ಸಿಂಧನೂರಿನಲ್ಲಿ ಹೈದರಾಬಾದಿನ ಬಸ್ಸು ಇಳಿದಾಗ ಎಂಟು ಹೊಡೆದಿತ್ತು, ಚಹಾ ಕುಡಿಯಬೇಕು ಅಂದುಕೊಂಡೆ, ಲಿಂಗಸುಗೂರಿನ ಬಸ್ಸು ಹೊರಟು ನಿಂತಿತ್ತು, ಓಡಿ ಹತ್ತಿದೆ. ಹತ್ತೂವರೆಗೆ ಇಂಜೆಕ್ಷನ್. ಗೊರೇಬಾಳ ದಾಟುತ್ತಿದೆ, ಕಾಲುವೆ ನೀರು ನಿಂತ ಗದ್ದೆ, ಒಂದರಲ್ಲಿ ನಾಟಿ ನಡೆದಿದೆ, ಬಾಗಿದ ಬೆನ್ನುಗಳು, ಬಾಗಿದರೆ ಅಬ್ಬಾಗೆ ಈಗ ಉಸಿರು ಸಿಗುವುದಿಲ್ಲ, ನಮಾಜನ್ನೂ ಕುರ್ಚಿಯ ಮೇಲೆ ಕೂತೇ ಮಾಡುತ್ತಾರೆ ಎಂದು ಅಮ್ಮಿ ಹೇಳಿದ್ದಳು. ನಿನ್ನೆ ತಮ್ಮನ ಮೆಸೇಜು — ಆಪಾ, ನಾಳೆ ಲಿಂಗಸುಗೂರಾಗ ಅಬ್ಬಾಗ ಸ್ಟೆಮ್ ಸೆಲ್ ಇಂಜೆಕ್ಷನ್ ಕೊಡಸಾಕತ್ತೀವಿ, ನಿಂದೇ ಔಷಧ. ನನ್ನದೇ ಔಷಧ. ಫೋನ್ ಮಾಡಿದೆ, ಬ್ಯಾಡಲೇ ಆಸೀಮ್ ಅಂದೆ, ಯಾಕ ಅಂದ, ಪೇಪರ್‌ನಾಗ ನೀನೇ ಹೇಳಿದ್ಯಲ್ಲ ಆಪಾ, ಕತ್ತರಿಸಿ ಗ್ವಾಡಿಗಿ ಹಚ್ಚೀವಿ. ಹೌದು, ಎರಡು ವರ್ಷದ ಕೆಳಗೆ ಜಿಲ್ಲೆಯ ಪತ್ರಿಕೆಯಲ್ಲಿ ನನ್ನ ಫೋಟೋ, ಮಸ್ಕಿಯ ಮಗಳಿಂದ ಶ್ವಾಸಕೋಶಕ್ಕೆ ಮರುಜೀವ ಎಂಬ ತಲೆಬರಹ. ನಾನು ಆ ವರದಿಗಾರನಿಗೆ ‘ಇಲಿಗಳಲ್ಲಿ’ ಎಂದಿದ್ದೆ, ‘ಆಗಬಹುದು’ ಎಂದಿದ್ದೆ, ಅಚ್ಚಿನಲ್ಲಿ ಎರಡೂ ಇರಲಿಲ್ಲ. ಎಂದಿದ್ದೆನೇ? ಎಂದಿದ್ದೆ ಎಂದು ಇಷ್ಟು ಸಲ ಹೇಳಿಕೊಂಡಿದ್ದೇನೆ, ಈಗ ನಿಜವಾಗಿ ಎಂದಿದ್ದೆನೋ ಇಲ್ಲವೋ ತಿಳಿಯುತ್ತಿಲ್ಲ.

ಅಬ್ಬಾ, ದಾದೇಸಾಬ, ಮಸ್ಕಿಯ ಹೊರಗಿನ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷ ಕಲ್ಲು ಕೊಯ್ದವರು, ಗ್ರಾನೈಟಿನ ಬಂಡೆ ಒಳಗೆ ಬಂದು ಹಲಗೆಯಾಗಿ ಹೊರಗೆ ಹೋಗುತ್ತಿತ್ತು, ನಡುವೆ ಉಳಿದ ಹಿಟ್ಟು ಅವರ ಒಳಗೆ ಹೋಗುತ್ತಿತ್ತು, ಅದು ಆಗ ಯಾರಿಗೆ ಗೊತ್ತು, ಸಂಜೆ ಬಾಗಿಲಲ್ಲಿ ನಿಂತು ಟವೆಲ್ ಝಾಡಿಸುತ್ತಿದ್ದರು, ರೆಪ್ಪೆ ಬೆಳ್ಳಗೆ, ಕಿವಿಯೊಳಗೂ ಬೆಳ್ಳಗೆ, ನಾನೂ ಆಸೀಮನೂ ನಗುತ್ತಿದ್ದೆವು, ಅಮ್ಮಿ ಒಳಗಿನಿಂದ, ಹೊರಗ ಝಾಡಿಸ್ರಿ, ಹಿಟ್ಟಿನ್ಯಾಗ ಬೀಳ್ತೈತಿ. ಆಮೇಲೆ ಕೆಮ್ಮು, ಆಮೇಲೆ ಟಿ.ಬಿ. ಎಂದರು, ಒಂಬತ್ತು ತಿಂಗಳು ಗುಳಿಗೆ, ಕೆಮ್ಮು ಹೋಗಲಿಲ್ಲ, ನಾನು ಎಂ.ಎಸ್ಸಿ. ಎರಡನೇ ವರ್ಷದಲ್ಲಿದ್ದಾಗ ರಜೆಗೆ ಬಂದು ಅವರ ಎಕ್ಸ್‌ರೇ ಕಿಟಕಿಗೆ ಹಿಡಿದೆ, ಎರಡೂ ಕಡೆ ಮೇಲ್ಭಾಗದಲ್ಲಿ ಸಣ್ಣ ಸಣ್ಣ ಚುಕ್ಕೆ, ಯಾರೋ ರವೆ ಚೆಲ್ಲಿದ ಹಾಗೆ, ಓದಿದ್ದ ಹೆಸರು ಬಾಯಿಗೆ ಬಂತು, ಸಿಲಿಕೋಸಿಸ್, ಕಲ್ಲಿನ ಧೂಳಿನ ರೋಗ, ಪುಪ್ಪುಸ ಕಲೆಗಟ್ಟಿ ಗಟ್ಟಿಯಾಗುತ್ತಾ ಹೋಗುವುದು. ಗುಳಿಗಿ ಐತೇನು ಇದಕ್ಕ? ಇಲ್ಲ ಅಬ್ಬಾ. ಹಂಗಾರ ನೀ ಕಂಡುಹಿಡಿ ಬೇಟಿ — ಸಂತೆಯಿಂದ ಪುದೀನ ತಾ ಎಂದಷ್ಟು ಸಲೀಸಾಗಿ ಅಂದು ನಕ್ಕರು. ಆ ಒಂದು ಮಾತಿಗೆ ನಾನು ಹೈದರಾಬಾದಿಗೆ ಹೋದೆನೇ, ಅಥವಾ ಹೋಗುವವಳೇ ಇದ್ದೆನೋ, ಆಮೇಲೆ ಆ ಮಾತನ್ನು ಕಾರಣ ಮಾಡಿಕೊಂಡೆನೋ.

ಇಲಿಯ ಮೂಗಿಗೆ ಕಲ್ಲಿನ ಪುಡಿ ಬೆರೆಸಿದ ನೀರಿನ ಹನಿ, ಅದು ಉಸಿರಿನೊಂದಿಗೆ ಒಳಗೆ ಹೋಗುತ್ತದೆ, ನಾಲ್ಕು ವಾರದಲ್ಲಿ ಅದರ ಪುಪ್ಪುಸ ಅಬ್ಬಾನ ಪುಪ್ಪುಸವಾಗುತ್ತದೆ, ಆಮೇಲೆ ಹೊಕ್ಕುಳಬಳ್ಳಿಯಿಂದ ತೆಗೆದು ಬೆಳೆಸಿದ ಕಾಂಡಕೋಶಗಳು, ಅದೇ ಸ್ಟೆಮ್ ಸೆಲ್, ಬಾಲದ ರಕ್ತನಾಳಕ್ಕೆ, ಇನ್ನೂ ನಾಲ್ಕು ವಾರ ಕಾದು ಇಲಿಯನ್ನು ಕೊಂದು ತೆಳ್ಳಗೆ ಕೊಯ್ದು ಬಣ್ಣ ಹಾಕಿ ನೋಡುವುದು, ಕಲೆ ಇದ್ದಲ್ಲಿ ನೀಲಿ, ಇಲ್ಲದಲ್ಲಿ ಗುಲಾಬಿ. ಮೊದಲನೇ ತಂಡ, ನೀಲಿ ಕಡಿಮೆ. ಎರಡನೇ ತಂಡ, ಕಡಿಮೆ. ಮೂರನೆಯದರಲ್ಲಿ ನಾನು ಸೂಕ್ಷ್ಮದರ್ಶಕದ ಮುಂದೆ ಅತ್ತುಬಿಟ್ಟೆ, ಗುಲಾಬಿ ಬಲೆಯ ಹಾಗೆ ಬಿಚ್ಚಿಕೊಂಡಿತ್ತು, ಅದೇ ಚಿತ್ರ ನಮ್ಮ ಸಂಶೋಧನಾ ಲೇಖನದ ಮೂರನೇ ಪುಟದಲ್ಲಿ, ಎಡಕ್ಕೆ ಕೋಶ ಕೊಡದ್ದು, ನೀಲಿ, ಬಲಕ್ಕೆ ಕೊಟ್ಟದ್ದು, ಗುಲಾಬಿ. ನಾಲ್ಕನೇ ತಂಡ, ಎಡಕ್ಕೆ ನೀಲಿ, ಬಲಕ್ಕೂ ನೀಲಿ. ಹನ್ನೆರಡು ಇಲಿ, ಹನ್ನೆರಡೂ. ಕೋಶಗಳಿಗೆ ವಯಸ್ಸಾಗಿರಬಹುದು, ಮತ್ತೊಮ್ಮೆ ಮಾಡೋಣ, ಲೇಖನ ಮೂರರ ಮೇಲೆ ಹೋಗಲಿ, ಎಂದರು ಪ್ರಯೋಗಾಲಯದ ನಮ್ಮ ಸರ್, ತಪ್ಪು ಹೇಳಿದರು ಎನ್ನಲಾರೆ, ಪ್ರಯೋಗ ಕೆಡುವುದುಂಟು, ಆದರೆ ಕೆಟ್ಟದ್ದು ನಾಲ್ಕನೆಯದೋ ಮೊದಲ ಮೂರೋ, ನೋಡಬೇಕೆಂಬ ಆಸೆಗೆ ನನ್ನ ಕಣ್ಣು ಗುಲಾಬಿ ಕಂಡಿತೋ, ಲೇಖನ ಹೋಯಿತು, ಐದನೇ ತಂಡ ಇನ್ನೂ ಆಗಿಲ್ಲ, ನಾಲ್ಕನೆಯದರ ಗಾಜಿನ ಪಟ್ಟಿಗಳು ನನ್ನ ಮೇಜಿನ ಡ್ರಾಯರಿನಲ್ಲಿ ನೀಲಿಯಾಗಿಯೇ ಇವೆ. ಹೊರಗೆ ಯಾರಿಗೂ ಹೇಳಿಲ್ಲ. ಹೇಳಲು ಏನಿದೆ, ಕೆಲಸ ಮಾಡುತ್ತದೆ ಎನ್ನಲೂ ಬಾರದು, ಮಾಡುವುದಿಲ್ಲ ಎನ್ನಲೂ ಬಾರದು.

ಮಸ್ಕಿ. ಗುಡ್ಡ ಕಾಣಿಸಿತು, ಇಳಿಯಬೇಕೆಂದು ಕಾಲು ತಾನೇ ಎದ್ದಿತು, ಕೂತೆ, ಮನೆಯಲ್ಲಿ ಅಮ್ಮಿ ಒಬ್ಬಳೇ, ಅಬ್ಬಾ ಆಸೀಮನ ಬೈಕಿನಲ್ಲಿ ಆಗಲೇ ಹೋಗ್ಯಾರ ಎಂದಳು ಫೋನಿನಲ್ಲಿ. ಬಾಗಿಲಲ್ಲಿ ಗದ್ದಲ, ಸರೀರಿ ಸರೀರಿ, ನಮ್ಮವ್ರಿಗಿ ದಮ್ಮೈತಿ, ಸೀಟ್ ಬಿಡ್ರಿ — ಈ ದನಿ, ಬಸ್ಸಮ್ಮಕ್ಕ, ಪಕ್ಕದ ಓಣಿಯವಳು, ಹಿಂದೆ ಪಂಪಣ್ಣ, ಅಬ್ಬಾನ ಶೆಡ್ಡಿನಲ್ಲೇ ಪಾಲಿಶ್ ಮಷೀನಿಗೆ ನಿಲ್ಲುತ್ತಿದ್ದವನು, ಬಾಗಿಲ ತುದಿಗೆ ತಲೆ ತಾಗುವಂತಿದ್ದ ಗಂಡಸು, ಈಗ ಅಂಗಿ ಹ್ಯಾಂಗರಿಗೆ ತೂಗುಹಾಕಿದಂತೆ, ಎರಡು ಮೆಟ್ಟಿಲು ಹತ್ತಿ ಕಂಬಿ ಹಿಡಿದು ನಿಂತುಬಿಟ್ಟ, ಕೊರಳ ಗುಂಡಿ ಒಳಕ್ಕೆ ಹೋಗಿ ಬರುತ್ತಿದೆ, ಉಸಿರು ನಿಮಿಷಕ್ಕೆ ಮೂವತ್ತೆರಡು, ಎಣಿಸಬೇಡ, ಎದ್ದು ಜಾಗ ಕೊಟ್ಟೆ. ಯವ್ವಾ, ದಾದೇಸಾಬನ ಮಗಳು! ನೋಡ್ರಿ, ಔಷಧ ಮಾಡಿದಾಕಿನೇ ನಮ್ಮ ಬಸ್ಸಿನ್ಯಾಗ ಬಂದಾಳ. ಬಸ್ಸೆಲ್ಲ ತಿರುಗಿ ನೋಡಿತು. ನಮ್ಮವ್ರಿಗಿ ಎಲ್ಡು ಇಂಜೆಕ್ಷನ್ ಆಗ್ಯಾವ, ಇವತ್ತು ಮೂರನೇದು, ನಾವ ನಿಮ್ಮಪ್ಪಗ ಹೇಳಿದ್ದು. ಬಸ್ಸಮ್ಮಕ್ಕ, ಅದು ನನ್ನದಲ್ಲ ಎಂದೆ, ಬಸ್ಸಿನ ಸದ್ದಿನಲ್ಲಿ ಕೇಳಿಸಲಿಲ್ಲವೋ ಏನೋ, ಅವಳು ನನ್ನ ಕೈ ಹಿಡಿದೇ ಇದ್ದಳು. ಪಂಪಣ್ಣ, ಮೊದಲಿನ ಎರಡಕ್ಕೆ ಹೆಂಗಾತು? ಅವನು ಉಸಿರು ಕೂಡಿಸಿಕೊಂಡು, ಒಂದ್ ವಾರ, ಚಲೋ ಇತ್ತವ್ವಾ, ಅಗಸಿತನಕ, ನಡದೆ. ಒಂದು ವಾರ. ಸ್ಟಿರಾಯ್ಡ್ ಬೆರೆಸಿದ್ದರೆ ಒಂದು ವಾರ ಯಾರಾದರೂ ನಡೆಯುತ್ತಾರೆ. ಕೋಶಗಳೇ ಇದ್ದರೆ? ಮೊದಲ ತಂಡದಲ್ಲೂ ಒಂದು ವಾರಕ್ಕೆ ಇಲಿಗಳು ಚುರುಕಾಗಿದ್ದವು. ಗೊತ್ತಿಲ್ಲ, ಬಾಟಲಿಯಲ್ಲಿ ಏನಿದೆ ಗೊತ್ತಿಲ್ಲ, ಇರುವುದು ಕೋಶಗಳೇ ಆದರೂ ಏನಾಗುತ್ತದೆ ಗೊತ್ತಿಲ್ಲ, ಹತ್ತು ವರ್ಷ ಓದಿ ನನಗೆ ಗೊತ್ತಿಲ್ಲದ್ದು ಈತ ಊರಬಾಗಿಲ ಅಗಸಿತನಕ ನಡೆದು ತಿಳಿದುಕೊಂಡಿದ್ದಾನೆ.

ಲಿಂಗಸುಗೂರು, ಬಸ್ ನಿಲ್ದಾಣದ ಹಿಂದಿನ ಓಣಿ, ಔಷಧಿ ಅಂಗಡಿಯ ಮೇಲೆ, ಹೊಸ ಉಸಿರು ಚಿಕಿತ್ಸಾ ಕೇಂದ್ರ, ಉಸಿರಿಲ್ಲದವರಿಗೆ ಹದಿನೆಂಟು ಮೆಟ್ಟಿಲು ಇಟ್ಟವನು ಯಾರು, ನಾನು ಓಡಿ ಹತ್ತಿದೆ, ಮೇಲೆ ಕುರ್ಚಿಗಳು, ಎಂಟು ಹತ್ತು ಜನ, ಎಲ್ಲರ ತೊಡೆಯ ಮೇಲೂ ಎಕ್ಸ್‌ರೇ ಚೀಲ, ಎದುರಿಗೆ ಗೋಡೆಯ ಮೇಲೆ, ಗಾಜಿನ ಚೌಕಟ್ಟಿನಲ್ಲಿ, ಹರಡಿದ ಪತ್ರಿಕೆಯಷ್ಟು ಅಗಲಕ್ಕೆ ಹಿಗ್ಗಿಸಿ, ಎಡಕ್ಕೆ ನೀಲಿ, ಬಲಕ್ಕೆ ಗುಲಾಬಿ. ನನ್ನದು. ಮೂರನೇ ತಂಡ, ಏಳನೇ ಇಲಿ. ಕೆಳಗೆ ಕನ್ನಡದಲ್ಲಿ, ಚಿಕಿತ್ಸೆಗೆ ಮೊದಲು, ಚಿಕಿತ್ಸೆಯ ನಂತರ. ಅದರಡಿಯಲ್ಲೇ ಕೂತಿದ್ದರು ಅಬ್ಬಾ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಅತ್ತರು ಹಚ್ಚಿಕೊಂಡಿದ್ದರು, ಮದುವೆಗೆ ಬಂದವರ ಹಾಗೆ, ನನ್ನ ಕಂಡು ಎದ್ದು ನಿಂತರು, ಏಳಬಾರದಿತ್ತು, ಬಂದೇನು ಬೇಟಿ, ಇಲ್ಲಿ ನೋಡ್ರಿ ಎಲ್ಲಾರೂ, ಈಕೀನೇ ನನ್ನ ಮಗಳು. ಆಸೀಮ್ ಫೋನ್ ತೆಗೆದು ಫೋಟೋ ಹಿಡಿಯುತ್ತಿದ್ದಾನೆ, ಒಳಗಿನಿಂದ ಡಾಕ್ಟರು ಬಂದರು, ನಗುಮುಖ, ಎಳೆ ವಯಸ್ಸು, ಮೇಡಂ ನೀವೇ ಬಂದಿದ್ದೀರ, ನಮ್ಮ ಪುಣ್ಯ. ಯಾವ ಕೋಶ ಕೊಡ್ತೀರಿ, ಎಲ್ಲಿಂದ ಬರುತ್ತೆ, ಕಾಗದ ತೋರಿಸಿ ಎಂದೆ, ಅದೆಲ್ಲ ಕಂಪನಿಯದು ಮೇಡಂ, ಒಳಗೆ ಬನ್ನಿ, ಕಾಫಿ ತಗೊಳ್ಳಿ, ನಿಮ್ಮ ಚಿತ್ರ ಇಂಟರ್‌ನೆಟ್‌ನಲ್ಲಿ ಎಲ್ಲರಿಗೂ ಸಿಗುತ್ತಲ್ವಾ. ಬಸ್ಸಮ್ಮಕ್ಕ ಆಗ ತಾನೇ ಗಂಡನನ್ನು ಮೆಟ್ಟಿಲು ಹತ್ತಿಸಿಕೊಂಡು ಬಂದಳು. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ, ಏನು ಹೇಳಲಿ, ಮೋಸ ಎನ್ನಲೇ, ಬಾಟಲಿ ಪರೀಕ್ಷಿಸದೆ ಹೇಗೆ ಎನ್ನಲಿ, ಅಬ್ಬಾನ ಬೆರಳುಗಳು ನನ್ನ ಮಣಿಕಟ್ಟಿನ ಮೇಲೆ, ಉಗುರು ನೀಲಿ, ಬಾಯಿ ತಾನೇ ಮಾತಾಡಿತು. ಅಬ್ಬಾ, ಇದು ಮನುಷ್ಯಾರದಲ್ಲ, ಇಲೀದು. ನಾನೇ ತೆಗೆದ ಚಿತ್ರ. ಮೂರು ಸಲ ಮಾಡಿದ್ವಿ, ಹಿಂಗ ಬಂತು. ನಾಲ್ಕನೇ ಸಲ ಏನೂ ಆಗಲಿಲ್ಲ, ಹನ್ನೆರಡು ಇಲಿಯೊಳಗ ಒಂದಕ್ಕೂ ಆಗಲಿಲ್ಲ. ಅದನ್ನ ನಾನು ಎಲ್ಲೂ ಬರದಿಲ್ಲ. ಇದು ಕೆಲಸ ಮಾಡತೈತೋ ಇಲ್ಲೋ ನಂಗ ಗೊತ್ತಿಲ್ಲ.

ಆಸೀಮ್ ಫೋನ್ ಇಳಿಸಿದ, ಆಪಾ, ಏನ್ ಮಾತಾಡಾಕತ್ತೀ ಎಂದ, ಮುಖ ಕೆಂಪಾಗಿತ್ತು. ಅಬ್ಬಾ ಚೌಕಟ್ಟಿನ ಕಡೆ ತಿರುಗಿ ಬಹಳ ಹೊತ್ತು ನೋಡಿದರು, ಕಲ್ಲಿನಲ್ಲಿ ಬಿರುಕು ಹುಡುಕುವಾಗ ನೋಡುತ್ತಿದ್ದ ಹಾಗೆ, ಆಮೇಲೆ ನಿಧಾನ, ನಡುನಡುವೆ ನಿಂತು, ಕಲ್ಲು ಕೊಯ್ಯೂದೂ ಹಂಗ ಬೇಟಿ, ಮೂರು ಹಲಗಿ ಚಂದ ಬರತಾವ, ನಾಲ್ಕನೇದು ಸೀಳತೈತಿ. ಸೀಳಿದ್ದು ತಪ್ಪಲ್ಲ. ಸೀಳಿದ್ದನ್ನ ಮಾಲಕಗ ತೋರಸ್ಬೇಕು. ತೋರಿಸ್ಲಿಲ್ಲೇನು ನೀ? ಇಲ್ಲ ಅಬ್ಬಾ. ಯಾಕ? ಗೊತ್ತಿಲ್ಲ. ಅವರು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು ಎಂದು ಈಗಲೂ ಅನ್ನಿಸುತ್ತದೆ, ನಡಿ, ಮನಿಗಿ ಹೋಗೋಣು ಅಂದರು. ನಾನು ಕುರ್ಚಿ ಎಳೆದು ಹತ್ತಿ ಚೌಕಟ್ಟು ಇಳಿಸಿದೆ, ಭಾರವಿತ್ತು, ಯಾರೂ ತಡೆಯಲಿಲ್ಲ, ಬೇರೆ ಹಾಕ್ತೀವಿ ಬಿಡಿ ಎಂದರು ಡಾಕ್ಟರು, ನಗುತ್ತಲೇ. ಮೂಲೆಯ ಇಬ್ಬರು ಚೀಲ ಹಿಡಿದು ಎದ್ದರು. ಉಳಿದವರು ಏಳಲಿಲ್ಲ. ಒಳಗಿನಿಂದ ನರ್ಸು ಹೆಸರು ಕೂಗಿದಳು, ಪಂಪಣ್ಣ. ಬ್ಯಾಡ ಪಂಪಣ್ಣ, ಬ್ಯಾಡ ಬಸ್ಸಮ್ಮಕ್ಕ ಎಂದೆ. ಬಸ್ಸಮ್ಮಕ್ಕ ನನ್ನನ್ನು ನೋಡಿದ ರೀತಿ, ಸಿಟ್ಟಿಲ್ಲ, ಇದ್ದದ್ದನ್ನು ಕಸಿದುಕೊಂಡವಳನ್ನು ನೋಡುವ ರೀತಿ, ಹಂಗಾರ ನೀ ಏನ್ ಕೊಡ್ತೀ ಹೇಳವ್ವಾ, ನೀ ಕೊಡೂದಾದ್ರ ನಾವು ಹೋಗೂದಿಲ್ಲ.

ಮಸ್ಕಿಯ ಬಸ್ಸು, ಅಬ್ಬಾ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಾರೆ, ಚೌಕಟ್ಟು ಕಾಲ ನಡುವೆ, ಸರ್‌ಗೆ ಮೆಸೇಜು ಕಳಿಸಿದೆ, ನಾಲ್ಕನೆಯದನ್ನು ಬರೆಯುತ್ತೇನೆ, ನೀವು ಒಪ್ಪದಿದ್ದರೂ ಬರೆಯುತ್ತೇನೆ, ಅವರು ಓದಿದ್ದಾರೆ, ಉತ್ತರ ಬಂದಿಲ್ಲ, ಬರಲಿ, ಬರದಿರಲಿ, ಆರೋಗ್ಯ ಇಲಾಖೆಗೆ ದೂರು ಬರೆಯಬೇಕು, ಆ ಬಾಟಲಿಯದು ಒಂದು ಹನಿ ತರಬೇಕಿತ್ತು, ಪಂಪಣ್ಣನ ಕೈ ಹಿಡಿದು ಎಳೆಯಬೇಕಿತ್ತು, ಎಳೆದು ಏನು ಕೊಡುತ್ತಿದ್ದೆ, ಆಗ ಅಲ್ಲಿ ಪಂಪಣ್ಣ ಇಂಜೆಕ್ಷನ್ ಕೋಣೆಯ ಪರದೆಯ ಹತ್ತಿರ ನಿಂತ, ಚಪ್ಪಲಿ ಬಿಟ್ಟ, ಎಡಗಾಲಿನದಕ್ಕೆ ಬೆರಳು ತೂರಿಸುವ ಉಂಗುಷ್ಟ ಕಿತ್ತು ಪಿನ್ನು ಹಾಕಿತ್ತು, ಒಳಗೆ ಹೋಗುವವನು ಹೋಗಲಿಲ್ಲ, ತಿರುಗಿದ, ಗೋಡೆ ಹಿಡಿದು ಬಾಗಿದ, ಬಾಗಿದರೆ ಉಸಿರು ಸಿಗದವನು ಬಾಗಿದ, ಎರಡೂ ಚಪ್ಪಲಿಯನ್ನು ಜೋಡಿಸಿ ತುದಿಯನ್ನು ಹೊರಬಾಗಿಲ ಕಡೆಗೆ ತಿರುಗಿಸಿ ಇಟ್ಟ, ಹೊರಗೆ ಬಂದಾಗ ನೆಟ್ಟಗೆ ಕಾಲು ತೂರಿಸಿ ನಡೆಯಲಿಕ್ಕೆ, ಆಮೇಲೆ ಹೋದ, ಪರದೆ ಬಿತ್ತು, ಇಲಾಖೆಗೆ ಇವತ್ತೇ ಬರೆಯಬೇಕು, ಪರದೆಯ ಈಚೆ ಚಪ್ಪಲಿ, ಐದನೇ ತಂಡ, ಹೊರಬಾಗಿಲಿಗೆ ಮುಖ ಮಾಡಿದ ಚಪ್ಪಲಿ, ಪಿನ್ನು ಹಾಕಿದ್ದು ಒಂದು, ಹಾಕದ್ದು ಒಂದು, ಚಪ್ಪಲಿ —